ತೊಟ್ಟಿಲಿನಿಂದ ನೇರ ಶಾಲೆಗೆ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಹಳೆಯ ಕಂಪ್ಯೂಟರ್ ಆಟಗಳ ಮುಂದಿನ ಭಾಗಗಳು ಹೇಗೆ ಬಂದಿವೆ ಎಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಕೊಟ್ಟಿತಲ್ಲ, ಮೊದಲು ಅದಕ್ಕೆ ಥ್ಯಾಂಕ್ಸ್. ಆದರೆ 'ದಿ ಸಿಮ್ಸ್ 4' ಬಗ್ಗೆ ಅದರಲ್ಲಿ ಬರೆದದ್ದಕ್ಕೆ ನನ್ನದೊಂದು ತಕರಾರು ಉಂಟು. ಹಿಂದಿನ ಭಾಗದಲ್ಲಿದ್ದು ಇದರಲ್ಲಿ ಇಲ್ಲದ್ದನ್ನೆಲ್ಲ ಒಂದು ಕಡೆ ಬರೆದಿದ್ದಾರೆ, ಹೊಸತಾಗಿ ಬಂದದ್ದನ್ನು ಇನ್ನೊಂದು ಕಡೆ. ಇಲ್ಲದ್ದರ ಪಟ್ಟಿ ಉದ್ದವಾಯಿತು, ಆಟ ಫೇಲ್ ಆಯಿತು. ಹೀಗೆ ಲೆಕ್ಕ ಹಾಕಿದರೆ ಈಜುಕೊಳಕ್ಕೂ ಮಗುವಿಗೂ ಒಂದೇ ಮಾರ್ಕು ಕೊಟ್ಟ ಹಾಗಾಗುತ್ತದೆ ಅಲ್ವಾ?

ನಾನು ಬದಿಯಡ್ಕದ ಹತ್ತಿರದವಳು. ಮನೆಗಳ ಪ್ಲ್ಯಾನ್ ಬಿಡಿಸುವುದು ನನ್ನ ಕೆಲಸ. ಕುಂಬಳೆಯಿಂದ ಪೆರ್ಲದವರೆಗೆ ನಾನು ಗೆರೆ ಎಳೆದ ಮನೆಗಳು ಅಲ್ಲಲ್ಲಿ ಎದ್ದಿವೆ. ರಾತ್ರಿ ಊಟವಾದ ಮೇಲೆ ಅದೇ ಲ್ಯಾಪ್‌ಟಾಪಿನಲ್ಲಿ ಸಿಮ್ಸ್ ಆಡುತ್ತೇನೆ. ಹಗಲಿಡೀ ಮನೆ ಬಿಡಿಸಿ ರಾತ್ರಿ ಮತ್ತೆ ಮನೆ ಕಟ್ಟುವುದಾ ಎಂದು ಮನೆಯವರು ನಗುತ್ತಾರೆ. ಹಗಲು ಬಿಡಿಸಿದ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರು ಯಾರಿಗೆ ಅಡ್ಡ ಬರುತ್ತಾರೆ ಎಂದು ನೋಡಲು ನನಗೆ ಸಿಗುವುದಿಲ್ಲ. ಗೃಹಪ್ರವೇಶದ ಊಟ ಮುಗಿಸಿ ಬಂದರೆ ಮುಗಿಯಿತು. ರಾತ್ರಿಯ ಮನೆಯಲ್ಲಿ ಎಲ್ಲ ಕಾಣುತ್ತದೆ.

ಆಡದವರಿಗಾಗಿ ಎರಡು ಮಾತು. ಇದರಲ್ಲಿ ಗೆಲ್ಲುವುದು ಸೋಲುವುದು ಇಲ್ಲ. ಸಿಮ್ ಎಂಬ ಮನುಷ್ಯರನ್ನು ನೀವೇ ಮಾಡುತ್ತೀರಿ. ಮನೆ ಕಟ್ಟಿಕೊಡುತ್ತೀರಿ, ಉಣಿಸುತ್ತೀರಿ, ಕೆಲಸಕ್ಕೆ ಕಳಿಸುತ್ತೀರಿ. ಅವರು ಪ್ರೀತಿ ಮಾಡುತ್ತಾರೆ, ಜಗಳ ಆಡುತ್ತಾರೆ, ಮುದುಕರಾಗುತ್ತಾರೆ, ಒಂದು ದಿನ ಸಾಯುತ್ತಾರೆ. ಮಾತಾಡುವುದು ಸಿಮ್ಲಿಶ್, ಅಂದರೆ ಆಟಕ್ಕೆಂದೇ ಹುಟ್ಟಿಸಿದ, ಯಾರಿಗೂ ಅರ್ಥವಾಗದ ಭಾಷೆ. ಅಂಗಡಿಯಲ್ಲಿ ಮಲಯಾಳ, ನೆರೆಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಕಾಸರಗೋಡಿನವರಿಗೆ ಅದೇನೂ ತೊಂದರೆ ಕೊಡುವುದಿಲ್ಲ. ಮುಖ ನೋಡಿದರೆ ಸಾಕು, ಸಲಿಗೆಯೋ ಜಗಳವೋ ಗೊತ್ತಾಗುತ್ತದೆ.

ಮೊದಲ ಸಿಮ್ಸ್ ಬಂದದ್ದು 2000ದ ಫೆಬ್ರವರಿಯಲ್ಲಿ. ಅದರ ಹಿಂದೆ ಇದ್ದವರು ಮ್ಯಾಕ್ಸಿಸ್ ಕಂಪನಿಯ ವಿಲ್ ರೈಟ್. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳಿಗೆ ಬೆಂಕಿ ಬಿದ್ದಾಗ ಅವರ ಮನೆಯೂ ಸುಟ್ಟುಹೋಯಿತು. ಒಂದೊಂದೇ ಸಾಮಾನು ಮತ್ತೆ ಕೊಳ್ಳುವಾಗ, ಒಂದು ಮನೆಗೆ ನಿಜವಾಗಿ ಏನೇನು ಬೇಕು ಎಂಬ ಯೋಚನೆಯಿಂದ ಈ ಆಟ ಚಿಗುರಿತು. ಮೊದಲಿಗೆ ಅದು ಮನೆ ಕಟ್ಟುವ ಆಟವೇ. ಕಟ್ಟಿದ ಮನೆ ಸರಿಯಿದೆಯೋ ಇಲ್ಲವೋ ತಿಳಿಯಲಿ ಎಂದು ಒಳಗೆ ಮನುಷ್ಯರನ್ನು ಬಿಟ್ಟರು. ಆಮೇಲೆ ಮನುಷ್ಯರೇ ಮುಖ್ಯವಾದರು. ಆ ಮೊದಲ ಆಟದಲ್ಲಿ ಶಾಲೆಗೆ ಹೋಗುವ ಮಕ್ಕಳು ಕೊನೆತನಕ ಮಕ್ಕಳೇ. 2004ರ ಸಿಮ್ಸ್ 2ರಲ್ಲಿ ವಯಸ್ಸಾಗತೊಡಗಿತು. ಅಪ್ಪನ ಮೂಗು, ಅಮ್ಮನ ಕಣ್ಣು ಮಗುವಿಗೆ ಇಳಿದು ಬಂತು. 2009ರ ಸಿಮ್ಸ್ 3ರಲ್ಲಿ ಇಡೀ ಊರೇ ತೆರೆದುಕೊಂಡಿತು. 2014ರ ಸೆಪ್ಟೆಂಬರಿನಲ್ಲಿ ನಾಲ್ಕನೆಯದು ಬಂತು ನೋಡಿ, ಈಜುಕೊಳ ಇಲ್ಲ, ಪುಟ್ಟ ಮಕ್ಕಳಿಲ್ಲ, ತೆರೆದ ಊರಿಲ್ಲ, ಕಾರಿಲ್ಲ, ಕುರ್ಚಿಗೂ ಪರದೆಗೂ ನಮಗೆ ಬೇಕಾದ ಬಣ್ಣ ಹಾಕುವ ಸೌಲಭ್ಯ ಇಲ್ಲ, ನೆಲಮಾಳಿಗೆ ಇಲ್ಲ. ಸತ್ತವರು ಪ್ರೇತವಾಗಿ ತಿರುಗುವುದೂ ಇಲ್ಲ.

ನಿಮ್ಮ ಬರಹಗಾರರು ಈಜುಕೊಳಕ್ಕೆ ಎರಡು ಪ್ಯಾರಾ ಕೊಟ್ಟಿದ್ದಾರೆ. ಆಗ ಎಲ್ಲ ಕಡೆ ಗದ್ದಲ ಎದ್ದದ್ದೂ ಅದಕ್ಕೇ. ಆದರೆ ಕೊಳ ಒಂದು ಸಾಮಾನು. ಇವತ್ತು ಇಲ್ಲದಿದ್ದರೆ ನಾಳೆ ತಂದು ಅಂಗಳದಲ್ಲಿ ಇಡಬಹುದು. ಹಾಗೇ ಆಯಿತು. ಪ್ರೇತಗಳು ಅಕ್ಟೋಬರಿನಲ್ಲಿ, ಕೊಳ ನವೆಂಬರಿನಲ್ಲಿ ಪುಕ್ಕಟೆ ಬಂದವು. ಅಷ್ಟಕ್ಕೂ ಕೊಳ ಬೇಕೆಂದು ಅತ್ತವರಲ್ಲಿ ಜಾಸ್ತಿ ಜನಕ್ಕೆ ಈಜಿನ ಮೇಲೆ ಆಸೆಯೇನೂ ಇರಲಿಲ್ಲ. ಹಳೆಯ ಆಟದಲ್ಲಿ ಸಿಮ್ ನೀರಿಗಿಳಿದ ಮೇಲೆ ಏಣಿ ತೆಗೆದರೆ ಅವನಿಗೆ ಹತ್ತಿ ಬರಲು ಆಗುತ್ತಿರಲಿಲ್ಲ, ಮುಳುಗಿ ಸಾಯುತ್ತಿದ್ದ. ಆ ಕಿಡಿಗೇಡಿತನ ತಪ್ಪಿಹೋಯಿತು ಎಂಬುದೇ ಬೇಸರ. ಹೊಸ ಕೊಳದಲ್ಲಿ ಏಣಿ ಇಲ್ಲದಿದ್ದರೂ ಅವರು ಅಂಚು ಹಿಡಿದು ಹತ್ತಿ ಬರುತ್ತಾರೆ. ಸುಮ್ನೆ ಹೇಳಿದೆ ಅಷ್ಟೆ.

ಮಗುವಿನ ಮಾತು ಬೇರೆ. ಇದನ್ನು ನಿಮ್ಮ ಬರಹ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದೆ. ಸಿಮ್ಸ್ 4 ಬಂದ ಹೊಸತರಲ್ಲಿ ಕೂಸು ಎಂದರೆ ತೊಟ್ಟಿಲಿನ ಒಂದು ಭಾಗ. ಹಾಲು ಕೊಡಬಹುದು, ಬಟ್ಟೆ ಬದಲಿಸಬಹುದು, ಅಲ್ಲೇ ನಿಂತು ಎತ್ತಿ ಮುದ್ದು ಮಾಡಬಹುದು. ಎತ್ತಿಕೊಂಡು ಪಕ್ಕದ ಕೋಣೆಗೂ ಹೋಗುವಂತಿಲ್ಲ. ಆಮೇಲೆ ಒಂದು ದಿನ ಮಿಣಮಿಣ ಬೆಳಕು ಹೊಳೆದು, ಆ ಕೂಸು ಶಾಲೆಗೆ ಹೋಗುವ ಮಗುವಾಗಿ ನೆಲದ ಮೇಲೆ ನಿಂತಿರುತ್ತದೆ. ಅಂಬೆಗಾಲಿಲ್ಲ, ತೊದಲಿಲ್ಲ, ಬಿದ್ದು ಎದ್ದು ನಡೆಯುವುದಿಲ್ಲ. ಸಿಮ್ಸ್ 2ರಲ್ಲೂ 3ರಲ್ಲೂ ನಡೆಯಲು ಕಲಿಸಬೇಕಿತ್ತು, ಮಾತು ಕಲಿಸಬೇಕಿತ್ತು, ಪಾಟಿಯಲ್ಲಿ ಕೂರಿಸಬೇಕಿತ್ತು. ಅದರಲ್ಲೇ ಆಟದ ದಿನಗಳು ಕಳೆಯುತ್ತಿದ್ದವು.

ಇದು ತಪ್ಪಿಹೋದಾಗ ನನಗೆ ಮೊದಲು ಕಂಡದ್ದು ಅಜ್ಜಿಯ ಪಾಡು. ನಾನು ಯಾವಾಗಲೂ ಮೂರು ತಲೆಮಾರಿನ ಮನೆಯನ್ನೇ ಕಟ್ಟುತ್ತೇನೆ. ಸಿಮ್ಸ್ 3ರ ನನ್ನ ಮನೆಗಳಲ್ಲಿ ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಮೊಮ್ಮಗುವನ್ನು ನಡೆಸುವುದು, ಮಾತಾಡಿಸುವುದು, ಮಲಗಿಸುವುದು ಅಜ್ಜಿಯದ್ದು. ನಾಲ್ಕನೆಯದರಲ್ಲಿ ಅಜ್ಜಿ ಮೊಮ್ಮಗುವಿನ ಹತ್ತಿರ ಬರುವ ಹೊತ್ತಿಗೆ ಅದು ಹೋಮ್‌ವರ್ಕ್ ಮಾಡುತ್ತಾ ಕೂತಿತ್ತು. ಅಜ್ಜಿಗೆ ಟಿವಿ ನೋಡುವುದು ಬಿಟ್ಟು ಬೇರೆ ಕೆಲಸವೇ ಇಲ್ಲ. ಮಗುವನ್ನು ತೆಗೆದರೆ ಅಜ್ಜಿಯೂ ಹೋಗುತ್ತಾಳೆ, ಸಂಬಂಧದ ನಡುವಿನ ಒಂದು ಕೊಂಡಿಯೇ ಹೋಗುತ್ತದೆ. ಪಟ್ಟಿಯಲ್ಲಿ ಮಾತ್ರ ಅದು ಒಂದು ಐಟಂ.

ಆ ಪುಟ್ಟ ಮಕ್ಕಳು ಬಂದದ್ದು 2017ರ ಜನವರಿ 12ರಂದು. ಹತ್ತಿರ ಹತ್ತಿರ ಎರಡೂವರೆ ವರ್ಷ ತಡ. ಆದರೆ ನಿಮ್ಮ ಬರಹ ಹೇಳದ ಒಂದು ಸಂಗತಿ ಇಲ್ಲಿದೆ. ಹೋದದ್ದಕ್ಕಿಂತ ಬಂದದ್ದು ಚೆನ್ನಾಗಿತ್ತು. ಹಳೆಯ ಆಟದಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ. ಇಲ್ಲಿ ಒಂದು ಹಠಮಾರಿ, ಒಂದು ಅಮ್ಮನ ಸೆರಗು ಬಿಡದ್ದು, ಇನ್ನೊಂದು ತನ್ನಷ್ಟಕ್ಕೆ ಇರುವುದು. ತಟ್ಟೆ ಎತ್ತಿ ಎಸೆಯುತ್ತವೆ. ಬೇಡ ಎಂದರೆ ನೆಲದಲ್ಲಿ ಹೊರಳಾಡುತ್ತವೆ. ಆಮೇಲೆ 2023ರ ಮಾರ್ಚಿನಲ್ಲಿ ಕೂಸುಗಳೂ ತೊಟ್ಟಿಲು ಬಿಟ್ಟು ಕೆಳಗಿಳಿದವು. ಕವುಚಿ ಬೀಳುವುದು, ತೆವಳುವುದು ಎಲ್ಲ ಬಂತು. ಎರಡೂ ಪುಕ್ಕಟೆ. ಒಂದು ಮನುಷ್ಯನ ಬಾಲ್ಯ ಪೂರ್ತಿಯಾಗಲು ಎಂಟೂವರೆ ವರ್ಷ ಹಿಡಿಯಿತು ಎಂದು ಬೈಯಿರಿ, ನಾನೂ ಸೇರುತ್ತೇನೆ. ಆದರೆ ಬಂದದ್ದನ್ನೂ ಬರೆಯಿರಿ.

ತೆರೆದ ಊರಿನ ವಿಷಯದಲ್ಲಿ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ಸಿಮ್ಸ್ 3ರಲ್ಲಿ ಸಿಮ್ ಬಾಗಿಲು ತೆರೆದು ಹೊರಟರೆ ಬೀದಿ, ಅಂಗಡಿ, ಕಡಲ ತೀರ ಎಲ್ಲವೂ ಒಂದೇ ಓಟ. ಎಲ್ಲೂ ತಡೆಯಿಲ್ಲ. ನಾಲ್ಕನೆಯದರಲ್ಲಿ ಎದುರು ಮನೆಗೆ ಹೋಗಬೇಕಾದರೂ ಪರದೆ ಬೀಳುತ್ತದೆ, ಕಾಯಬೇಕು. ಇಲ್ಲಿ ತೋಟದ ನಡುವೆ ಸಂಕ ದಾಟಿ ನೆರೆಮನೆಗೆ ಹೋಗಿ, ಹಾಗೇ ಇನ್ನೊಂದು ಮನೆಗೂ ಇಣುಕಿ ಬರುವವರಿಗೆ ಅದು ಕಿರಿಕಿರಿಯೇ. ಈಗಲೂ ಅದಕ್ಕೆ ಪರಿಹಾರ ಬಂದಿಲ್ಲ.

ಆದರೆ ಆ ತೆರೆದ ಊರನ್ನು ನಾನು ಎಷ್ಟು ಆಡಿದೆ ಎಂದು ಕೇಳಿ. ಸ್ವಲ್ಪವೇ. ಊರಿನ ಎಲ್ಲರ ಬದುಕನ್ನೂ ಕಂಪ್ಯೂಟರು ಒಟ್ಟಿಗೆ ನಡೆಸಬೇಕಲ್ಲ, ಮನೆಯಲ್ಲಿದ್ದ ಲ್ಯಾಪ್‌ಟಾಪ್ ಏದುಸಿರು ಬಿಡುತ್ತಿತ್ತು. ಮೂರನೇ ತಲೆಮಾರಿಗೆ ಬರುವಾಗ ಸಿಮ್‌ಗಳು ನಿಂತಲ್ಲೇ ನಿಲ್ಲುತ್ತಿದ್ದರು. ಸಿಮ್ಸ್ 4 ಬಂದಾಗ ಕನಿಷ್ಠ 2 ಜಿಬಿ ರ‍್ಯಾಮ್ ಇದ್ದರೆ ಸಾಕು ಎಂದಿದ್ದರು. ಊರನ್ನು ತುಂಡು ತುಂಡು ಮಾಡಿದ್ದರಿಂದ ಹೊರೆ ಕಡಿಮೆಯಾಗಿ, ನನ್ನ ಹಳೆ ಲ್ಯಾಪ್‌ಟಾಪಿನಲ್ಲೂ ಆಟ ಓಡಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬ್ಯಾಟರಿಯ ಮೇಲೆ ಆಡುವಾಗ ಇದರ ಬೆಲೆ ಗೊತ್ತಾಗುತ್ತದೆ. ಒಳ್ಳೆ ಮೆಷಿನ್ ಇದ್ದವರಿಗೆ ಇದು ನಷ್ಟ. ನನಗೆ ಲಾಭ. ಇಬ್ಬರ ಮಾತೂ ಸರಿಯೇ. ಆದರೆ ವಿಮರ್ಶೆ ಬರೆಯುವವರ ಕೈಯಲ್ಲಿ ಹೆಚ್ಚಾಗಿ ಒಳ್ಳೆ ಮೆಷಿನ್ನೇ ಇರುತ್ತದೆ.

ಇನ್ನು ಹೊಸತಾಗಿ ಬಂದದ್ದು. ಮನೆ ಕಟ್ಟುವ ಸಲಕರಣೆ 'ಸುಧಾರಿಸಿದೆ' ಎಂದು ಒಂದು ಪದದಲ್ಲಿ ಮುಗಿಸಿದ್ದಾರೆ. ಇಲ್ಲಿ ನನಗೆ ಸುಮ್ಮನಿರಲು ಆಗಲಿಲ್ಲ, ಪತ್ರ ಬರೆಯಲು ಕೂತದ್ದೂ ಇದಕ್ಕೇ. ಹಿಂದೆ ಒಂದು ಕೋಣೆ ಪಕ್ಕಕ್ಕೆ ಸರಿಸಬೇಕಾದರೆ ಗೋಡೆ ಒಡೆದು, ಸಾಮಾನು ಎತ್ತಿ, ಮತ್ತೆ ಕಟ್ಟಬೇಕಿತ್ತು. ಈಗ ಕೋಣೆಯನ್ನೇ ಹಿಡಿದು ಎಳೆದರೆ ಕಿಟಕಿ, ಮಂಚ, ಗೋಡೆಯ ಪಟ ಎಲ್ಲ ಒಟ್ಟಿಗೆ ಬರುತ್ತದೆ. ಪಂಚಾಂಗದ, ಅಂದರೆ ಅಡಿಪಾಯದ, ಎತ್ತರ ಏರಿಸಬಹುದು, ಇಳಿಸಬಹುದು. ಗೋಡೆಗೆ ಮೂರು ಎತ್ತರ. ಮಾಡಿನ ಇಳಿಜಾರು ಎಷ್ಟು ಬೇಕು, ಸೂರು ಎಷ್ಟು ಹೊರಗೆ ಚಾಚಬೇಕು ಎಂದು ಕೈಯಲ್ಲೇ ಎಳೆದು ನೋಡಬಹುದು. ನಮ್ಮ ಮಳೆಗೆ ಸೂರು ಗಿಡ್ಡವಾದರೆ ಗೋಡೆ ಹಸಿರು ಕಟ್ಟುತ್ತದೆ. ಹಾಗಾಗಿ ನನ್ನ ಸಿಮ್ಸ್ ಮನೆಗಳ ಸೂರು ಎಲ್ಲರದ್ದಕ್ಕಿಂತ ಉದ್ದ. ಆಟದಲ್ಲಿ ಮಳೆಯೇ ಇಲ್ಲದಾಗಲೂ ಹಾಗೇ ಕಟ್ಟುತ್ತಿದ್ದೆ, ಅಭ್ಯಾಸ.

ಕೊರತೆ ಇರಲಿಲ್ಲ ಎಂದಲ್ಲ. ಬಂದ ಹೊಸತರಲ್ಲಿ ನೆಲ ಪೂರಾ ಚಪ್ಪಟೆ. ಗುಡ್ಡ ಕಡಿದು ತಟ್ಟು ಮಾಡಿ ಮನೆ ಕಟ್ಟುವ ನಮ್ಮ ಕಡೆಯವರಿಗೆ ಸಪಾಟು ನೆಲದ ಮನೆ ಮನೆಯ ಹಾಗೇ ಕಾಣುವುದಿಲ್ಲ. ಹಿಂದೆ ಗುಡ್ಡದ ಬರೆ, ಅದರಲ್ಲೊಂದು ನೀರಿನ ಸುರಂಗ, ಮುಂದೆ ಅಂಗಳ, ಅಂಗಳದ ಕೆಳಗೆ ಅಡಿಕೆ ತೋಟ. ಹೀಗಿದ್ದರೇ ಅದು ನಮ್ಮೂರು. ನೆಲ ಏರಿಸಿ ತಗ್ಗಿಸುವ ಸಲಕರಣೆ ಬಂದದ್ದು 2018ರ ನವೆಂಬರಿನಲ್ಲಿ. 2020ರ ನವೆಂಬರಿನಲ್ಲಿ ಕೋಣೆಯೊಳಗೇ ನೆಲವನ್ನು ಒಂದು ಮಟ್ಟ ಎತ್ತರಿಸುವ ಸೌಲಭ್ಯ ಬಂತು. ಅವರು ಅದನ್ನು ಯಾವುದಕ್ಕೆ ಮಾಡಿದರೋ, ನಾನು ಮಾತ್ರ ಅದರಲ್ಲಿ ಜಗಲಿ ಕಟ್ಟಿದೆ. ಮುರಕಲ್ಲು ಮಾತ್ರ ಇಲ್ಲ. ಇದ್ದುದರಲ್ಲಿ ಕೆಂಪಗಿನ ಇಟ್ಟಿಗೆ ಹಾಕಿ ಸಮಾಧಾನ ಮಾಡಿಕೊಂಡಿದ್ದೇನೆ. ಬೇಕಾದ ಬಣ್ಣ ಹಾಕುವ ಸಿಮ್ಸ್ 3ರ ಸೌಲಭ್ಯ ಇಲ್ಲದ್ದು ಇಲ್ಲಿ ನಿಜವಾಗಿ ಚುಚ್ಚುತ್ತದೆ. ಕೊಟ್ಟ ಏಳೆಂಟು ಬಣ್ಣದಲ್ಲಿ ಆರಿಸಬೇಕು. ಮರದ ಬಾಗಿಲಿಗೂ ಕಿಟಕಿಗೂ ಬಣ್ಣ ಹೊಂದುವುದಿಲ್ಲ. ಇದನ್ನು ಈವರೆಗೆ ವಾಪಸ್ ಕೊಟ್ಟಿಲ್ಲ.

ಇದು ಬರೀ ಆಟದ ಮಾತೂ ಅಲ್ಲ. ಮನೆ ಕಟ್ಟಿಸುವವರಲ್ಲಿ ಎಷ್ಟೋ ಜನರಿಗೆ, ಅದರಲ್ಲೂ ಅಡುಗೆಮನೆಯಲ್ಲಿ ದಿನ ಕಳೆಯಬೇಕಾದ ಹೆಂಗಸರಿಗೆ, ಕಾಗದದ ಮೇಲಿನ ಗೆರೆ ಅರ್ಥವಾಗುವುದಿಲ್ಲ. ಗಂಡಸರು ತಲೆಯಾಡಿಸುತ್ತಾರೆ, ಅವರು ಸುಮ್ಮನಿರುತ್ತಾರೆ. ಒಮ್ಮೆ ಪಾಯ ತೆಗೆಯುವ ಮೊದಲು ಒಂದು ಮನೆಯ ಪ್ಲ್ಯಾನನ್ನು ಸಿಮ್ಸಿನಲ್ಲಿ ಕಟ್ಟಿ, ಆ ಮನೆಯ ಅಜ್ಜಿಗೆ ತೋರಿಸಿದೆ. ಒಬ್ಬಳು ಸಿಮ್‌ ಹೆಂಗಸನ್ನು ಮನೆಯೊಳಗೆ ನಡೆಸಿದೆ. ಅಜ್ಜಿ ಸ್ವಲ್ಪ ಹೊತ್ತು ನೋಡಿದರು.

"ಇವಳು ಬಚ್ಚಲಿಗೆ ಹೋಗ್ಲಿಕ್ಕೆ ಚಾವಡಿ ದಾಟಿ ಬರ್ಬೇಕಾ ಮಗಾ? ಯಾರಾದ್ರೂ ಬಂದು ಕೂತಿದ್ರೆ?"

ಅಷ್ಟು ಜನ ನೋಡಿದ ಪ್ಲ್ಯಾನಿನಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ. ಬಚ್ಚಲಿನ ಬಾಗಿಲು ಹಿಂದಿನ ಓಣಿಗೆ ಬಂತು. ಒಂದು ಆಟದ ಸಲಕರಣೆಯಿಂದ ನಿಜವಾದ ಬಾಗಿಲು ಜಾಗ ಬದಲಿಸಿದ್ದನ್ನು 'ಸುಧಾರಿಸಿದೆ' ಎಂಬ ಪದದಲ್ಲಿ ಹೇಗೆ ಹಿಡಿಸುವುದು?

ಭಾವನೆಗಳ ವಿಷಯ. ನಾಲ್ಕನೆಯ ಭಾಗದ ದೊಡ್ಡ ಹೊಸತು ಅದೇ ಎಂದು ತಯಾರಕರೇ ಸಾರಿದ್ದರು. ಸಿಟ್ಟು ಬಂದರೆ ನಡಿಗೆ ಬದಲಾಗುತ್ತದೆ. ದುಃಖವಾದರೆ ಹಾಸಿಗೆಗೆ ಬಿದ್ದು ಅಳುತ್ತಾರೆ. ನಗು ವಿಪರೀತವಾದರೆ ಸಾವೂ ಉಂಟು. ನೋಡಲು ಚಂದ. ಆದರೆ ಬೇಗ ಹಗುರವಾಗುತ್ತದೆ. ಅಜ್ಜ ತೀರಿಹೋದ ಮನೆಯಲ್ಲಿ ಗೋಡೆಗೆ ಒಳ್ಳೆ ಚಿತ್ರ ತೂಗುಹಾಕಿ, ಒಳ್ಳೆ ಸೋಫಾ ಇಟ್ಟರೆ ಆ ಸಂತೋಷ ದುಃಖವನ್ನು ಹಿಂದಿಕ್ಕಿಬಿಡುತ್ತದೆ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಮನೆಯಲ್ಲಿ ಸೋಫಾ ನೋಡಿ ನಗುವವರನ್ನು ನಾನು ಕಂಡಿಲ್ಲ. ಮನಸ್ಸಿನಲ್ಲಿ ಬಹಳ ದಿನ ಉಳಿಯುವ ನೋವು, ಕೃತಜ್ಞತೆಗಳನ್ನು 2020ರಲ್ಲಿ ಸೇರಿಸಿದರು. ಅಲ್ಲಿಂದ ಗಂಡ ಹೆಂಡತಿಯ ಜಗಳ ಮಾರನೇ ದಿನವೂ ನೆನಪಿರುತ್ತದೆ.

ಯಾರೂ ಹೆಚ್ಚು ಹೊಗಳದ ಇನ್ನೊಂದು ಹೊಸತು ನನಗೆ ಇದಕ್ಕಿಂತ ಇಷ್ಟ. ಸಿಮ್‌ಗಳು ಈಗ ಎರಡು ಕೆಲಸ ಒಟ್ಟಿಗೆ ಮಾಡುತ್ತಾರೆ. ಉಣ್ಣುತ್ತ ಮಾತಾಡುತ್ತಾರೆ, ಟಿವಿ ನೋಡುತ್ತ ಮಾತಾಡುತ್ತಾರೆ, ನಾಲ್ಕೈದು ಜನ ಗುಂಪಾಗಿ ಹರಟುತ್ತಾರೆ. ಮೂಲೆಯಲ್ಲಿದ್ದವನು ಎದ್ದು ಬಂದು ಮಾತಿಗೆ ಸೇರುತ್ತಾನೆ. ಅಡಿಕೆ ಸುಲಿಯಲು ಕೂತ ಜಗಲಿಯ ಹಾಗೆ, ಕೈ ಒಂದು ಕಡೆ ಬಾಯಿ ಒಂದು ಕಡೆ. ಸಿಮ್ಸ್ 3 ತೆರೆದ ಊರು ಕೊಟ್ಟಿತು, ಆದರೆ ಆ ಊರಿನಲ್ಲಿ ಇಬ್ಬರು ನಿಂತು ಒಂದು ಸಾಲು ಆಡಿ ಮುಗಿಸುತ್ತಿದ್ದರು. ಸಿಮ್ಸ್ 4 ಊರು ಕಿತ್ತುಕೊಂಡು ಜಗಲಿ ಕೊಟ್ಟಿತು. ಎರಡರಲ್ಲಿ ಒಂದು ಎಂದರೆ ನಾನು ಜಗಲಿಯ ಕಡೆ.

ಈಗ ನಿಮ್ಮ ಪಟ್ಟಿಯಲ್ಲಿ ಇಲ್ಲದ, ಯಾವ ಪಟ್ಟಿಯಲ್ಲೂ ನಾನು ಕಾಣದ ಒಂದು ಕೊರತೆ. ಒಂದು ಮನೆಯಲ್ಲಿ ಎಂಟು ಜನರಿಗಿಂತ ಹೆಚ್ಚು ಇರುವಂತಿಲ್ಲ. ಇದು ಮೊದಲಿನಿಂದಲೂ ಇರುವ ಮಿತಿ. ಅಜ್ಜ, ಅಜ್ಜಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಮಕ್ಕಳು ಎರಡು. ಅಲ್ಲಿಗೆ ಮನೆ ತುಂಬಿತು. ಮೂರನೇ ಮಗು ಹುಟ್ಟುವ ಹಾಗಿಲ್ಲ. ಅತ್ತೆ ತವರಿಗೆ ಬಂದು ಉಳಿಯುವ ಹಾಗಿಲ್ಲ. ಹಳೆಯ ಭಾಗದಲ್ಲೂ ಇಲ್ಲದ್ದು 'ಕಾಣೆಯಾದದ್ದು' ಆಗುವುದಿಲ್ಲ ನೋಡಿ, ಹಾಗಾಗಿ ಯಾರೂ ಕೇಳುವುದಿಲ್ಲ. 2023ರ ಡಿಸೆಂಬರಿನಲ್ಲಿ 'ಫಾರ್ ರೆಂಟ್' ಎಂಬ ಪ್ಯಾಕ್, ಅಂದರೆ ಮೂಲ ಆಟಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಕಂತು, ಬಂತು. ಆಗ್ನೇಯ ಏಷ್ಯಾದ ಹಾಗೆ ಕಾಣುವ ಊರು, ಒಂದೇ ಜಾಗದಲ್ಲಿ ಹಲವು ಮನೆಗಳು. ಅಣ್ಣ ತಮ್ಮಂದಿರು ಪಾಲಾಗಿ ಒಂದೇ ಅಂಗಳದ ಸುತ್ತ ಇರುವ ಮನೆಯನ್ನು ಅದರಲ್ಲಿ ಕಟ್ಟಿದೆ. ಚೆನ್ನಾಗಿ ಬಂತು. ಆದರೆ ದುಡ್ಡು ಕೊಟ್ಟು.

ದುಡ್ಡಿನ ಮಾತಿಗೆ ನಾನು ಕಂಪನಿಯ ಪರ ನಿಲ್ಲುವುದಿಲ್ಲ. 2022ರ ಅಕ್ಟೋಬರಿನಿಂದ ಮೂಲ ಆಟ ಪುಕ್ಕಟೆ, ನಿಜ. ಆದರೆ ಎಲ್ಲ ಪ್ಯಾಕುಗಳನ್ನು ಪೂರ್ತಿ ಬೆಲೆಗೆ ಕೊಂಡರೆ ಸಾವಿರ ಡಾಲರ್ ದಾಟುತ್ತದೆ. ಮಳೆ ಬೇಕಾದರೂ ದುಡ್ಡು! ಸಿಮ್ಸ್ 4ಕ್ಕೆ ಮಳೆ ಬಂದದ್ದು 2018ರ 'ಸೀಸನ್ಸ್' ಪ್ಯಾಕಿನಲ್ಲಿ. ಎರಡನೆಯದಕ್ಕೂ ಮೂರನೆಯದಕ್ಕೂ ಹೀಗೇ ಮಾರಿದ್ದರು, ಹಾಗಾಗಿ ಇದು ನಾಲ್ಕರ ಪಾಪ ಮಾತ್ರ ಅಲ್ಲ. ಜೂನಿನಲ್ಲಿ ಇಲ್ಲಿ ಅಂಗಳಕ್ಕೆ ಇಳಿಯಲು ಬಿಡದ ಮಳೆಯನ್ನು ನಾನು ಆಫರ್ ಬರುವವರೆಗೆ ಕಾದು ಕೊಂಡಿದ್ದೇನೆ.

ಮುಂದಿನದ್ದು ಏನು ಎಂದು ನಿಮ್ಮ ಬರಹ ಕೊನೆಯಲ್ಲಿ ಕೇಳಿದೆ. 2022ರಲ್ಲಿ 'ಪ್ರಾಜೆಕ್ಟ್ ರೆನೇ' ಎಂಬ ಹೊಸ ಆಟದ ಸುದ್ದಿ ಕೊಟ್ಟರು. 2024ರಲ್ಲಿ, ನಾಲ್ಕನೆಯದನ್ನು ತೆಗೆದು ಐದನೆಯದನ್ನು ಆ ಜಾಗದಲ್ಲಿ ಕೂರಿಸುವ ಯೋಚನೆ ಇಲ್ಲ ಎಂದರು. 2025ರ ಜನವರಿಯಲ್ಲಿ ಮೊದಲ ಎರಡು ಭಾಗಗಳನ್ನು ಇಂದಿನ ಕಂಪ್ಯೂಟರಿಗೆ ಹೊಂದುವಂತೆ ಮಾಡಿ ಮತ್ತೆ ಮಾರಾಟಕ್ಕೆ ಬಿಟ್ಟರು. ಅದೇ ವರ್ಷ ಮಾರ್ಚಿನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ 'ಇನ್‌ಜಾಯ್' ಎಂಬ ಇಂಥದ್ದೇ ಆಟ ಬಿಟ್ಟಿದೆ. ಅದರಲ್ಲಿ ಊರು ತೆರೆದಿದೆ, ಬಣ್ಣವೂ ನಮ್ಮಿಷ್ಟ. ಆದರೆ ಅದು ಕೇಳುವ ಮೆಷಿನ್ ನಮ್ಮ ಮನೆಯಲ್ಲಿಲ್ಲ.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಇಂಥ ಆಟಗಳ ಬಗ್ಗೆ ಇನ್ನೂ ಬರೆಸಿ. ಬರೆಯುವವರಿಗೆ ಎರಡು ಮಾತು ಹೇಳಿಬಿಡಿ. ಒಂದು ಮನೆತನವನ್ನು ಮೊಮ್ಮಕ್ಕಳವರೆಗಾದರೂ ಆಡಿ ನೋಡಲಿ, ಆಮೇಲೆ ಇಲ್ಲದ್ದನ್ನು ಎಣಿಸಲಿ. ಯಾವ ಲ್ಯಾಪ್‌ಟಾಪಿನಲ್ಲಿ ಆಡಿದರು, ಅದಕ್ಕೆ ಎಷ್ಟು ರ‍್ಯಾಮ್ ಇತ್ತು, ಪ್ಯಾಕುಗಳಿಗೆ ಎಷ್ಟು ರೂಪಾಯಿ ಕೊಟ್ಟರು ಎಂಬುದನ್ನೂ ಬರಹದ ಕೆಳಗೆ ಹಾಕಲಿ. ಮಂಜೇಶ್ವರದಿಂದ ಹೊಸದುರ್ಗದವರೆಗೆ ನಿಮ್ಮ ಪತ್ರಿಕೆ ಓದುವ ಎಷ್ಟೋ ಮಕ್ಕಳು ಅಣ್ಣನೋ ಅಕ್ಕನೋ ಬಳಸಿ ಬಿಟ್ಟ ಲ್ಯಾಪ್‌ಟಾಪಿನಲ್ಲೇ ಆಡುತ್ತಾರೆ. ಅವರಿಗೆ ಮೊದಲು ಗೊತ್ತಾಗಬೇಕಾದ್ದು ಅದೇ.

ಇಂತಿ,
ಮನೆ ಪ್ಲ್ಯಾನ್ ಬಿಡಿಸುವ ಒಬ್ಬ ಓದುಗಿ
ಬದಿಯಡ್ಕ, ಕಾಸರಗೋಡು ಜಿಲ್ಲೆ